ಕಾರ್ನಿವಲ್ ಸೋಮವಾರದ ಕರಾರು

ವಶ್ತಿ ಗಯಾದೀನ್ ಯಾವ ಕರಾರನ್ನೂ ತನ್ನ ದನಿಯಲ್ಲಿ ಓದಿ ಮುಗಿಸುವವಳಲ್ಲ. ಬರೆದವರ ದನಿಯಲ್ಲೂ ಒಮ್ಮೆ ಓದಬೇಕು, ಅದೂ ಗಟ್ಟಿಯಾಗಿ, ಅದೂ ಎದ್ದು ನಿಂತು. ಬ್ಯಾಂಕಿನವರು ಬರೆದದ್ದಾದರೆ ಮೂಗಿನಲ್ಲಿ, ಸರ್ಕಾರದವರು ಬರೆದದ್ದಾದರೆ ಆಕಳಿಸುತ್ತ, ಹೊಸದಾಗಿ ಪಾಸಾದ ವಕೀಲರು ಬರೆದದ್ದಾದರೆ ಉಸಿರೇ ಬಿಡದೆ. ನಮ್ಮ ದನಿಯಲ್ಲಿ ಓದಿದರೆ ನಮಗೆ ಬೇಕಾದದ್ದು ಕೇಳಿಸುತ್ತದೆ, ಅವರ ದನಿಯಲ್ಲಿ ಓದಿದರೆ ಅವರಿಗೆ ಬೇಕಾದದ್ದು ಕೇಳಿಸುತ್ತದೆ ಎಂಬುದು ಅವಳ ವಾದ. ಪೋರ್ಟ್ ಆಫ್ ಸ್ಪೇನಿನ ವಕೀಲರ ಬಳಗದಲ್ಲಿ ಕೆಲವರು ಇದನ್ನು ಹುಚ್ಚು ಅನ್ನುತ್ತಿದ್ದರು. ಅವರ ದನಿಯೂ ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಆ ಶನಿವಾರ ಬೆಳಿಗ್ಗೆ ವುಡ್‌ಬ್ರೂಕಿನ ರೋಟಿ ಅಂಗಡಿಯ ಮೇಲೆ, ತನ್ನ ಕಕ್ಷಿದಾರನ ಕಚೇರಿಯಲ್ಲಿ, ಅವಳು ಅಲೋಯ್ಸಿಯಸ್ ಲಾಕ್ರುವಾ ಆಗಿ ನಿಂತಿದ್ದಳು. ಗದ್ದ ಮೇಲೆ, ಹೊಟ್ಟೆ ಮುಂದೆ, ಒಂದೊಂದು ಪದಕ್ಕೂ ನಡುವೆ ಒಂದು ಬಸ್ಸು ಹೋಗುವಷ್ಟು ಜಾಗ. ಎದುರಿಗೆ ಕುರ್ಚಿ ಹಿಂದಕ್ಕೆ ವಾಲಿಸಿ ಕೂತು ಪೂರಿಯಲ್ಲಿ ಕಡಲೆ ಮಡಚಿಕೊಟ್ಟ ಡಬಲ್ಸ್ ತಿನ್ನುತ್ತಿದ್ದವನು ಲೆನಾಕ್ಸ್ ಕ್ವಾಮಿನಾ, ಅವಳ ಶಾಲೆಯ ಗೆಳೆಯ, ಈಗ ಅವಳ ಕಕ್ಷಿದಾರ. ಕಡಲೆ ಸಾರು ಕರಾರಿನ ಮೇಲೆ ತೊಟ್ಟಿಕ್ಕದಂತೆ ಅವಳು ಆಗಲೇ ಎರಡು ಸಲ ಗದರಿದ್ದಳು.

ಲೆನಾಕ್ಸನ ಕಂಪನಿಯ ಹೆಸರು ಕ್ಯಾಸ್ಕಡೂ. ಹೆಸರು ಮೀನಿನದು, ಕೆಲಸ ಹಬ್ಬದ್ದು. ಕಾರ್ನಿವಲ್ಲಿಗೆ ವೇಷ ಕಟ್ಟುವ ತಂಡಗಳು ಜನರನ್ನು ನೋಂದಾಯಿಸಿಕೊಳ್ಳಬೇಕು, ಯಾರಿಗೆ ಯಾವ ಗರಿ, ಯಾವ ಅಳತೆ, ಯಾವ ಲಾರಿಯ ಹಿಂದೆ ಯಾವ ಗುಂಪು ಅಂತ ನೋಡಿಕೊಳ್ಳಬೇಕು. ಅದನ್ನೆಲ್ಲ ಮಾಡುವ ತಂತ್ರಾಂಶವನ್ನು ಅವನೂ ಅವನ ನಾಲ್ಕು ಜನ ಎಂಜಿನಿಯರುಗಳೂ ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ್ದರು. ಈಗ ಟೊರಾಂಟೋದ ನಾರ್ತ್‌ಲೇಕ್ ಎಂಬ ದೊಡ್ಡ ಕಂಪನಿ ಅದನ್ನು ತಾನು ನಡೆಸುವ ಊರೂರ ಹಬ್ಬಗಳಿಗೂ ಬಳಸುತ್ತೇನೆಂದು ಬಂದಿತ್ತು. ಇಂಥ ಗಿರಾಕಿ ಎರಡನೇ ಸಲ ಬಾಗಿಲು ತಟ್ಟುವುದಿಲ್ಲ. ಹಾಗಂತ ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ಬಾಗಿಲೂ ಉಳಿಯುವುದಿಲ್ಲ.

ಅವರ ಪರವಾಗಿ ಕರಡು ಬರೆದವರೇ ಲಾಕ್ರುವಾ. ಊರಿನ ವಾಣಿಜ್ಯ ವಕೀಲರಲ್ಲೆಲ್ಲ ಹಿರಿಯರು. ವಶ್ತಿಗೆ ಕಾನೂನು ಶಾಲೆಯಲ್ಲಿ ಕರಾರಿನ ಪಾಠ ಹೇಳಿದವರು. ಕರಾರಿಗೂ ತಕರಾರಿಗೂ ಒಂದೇ ಅಕ್ಷರದ ಅಂತರ, ಆ ಒಂದು ಅಕ್ಷರಕ್ಕೇ ನನ್ನ ಫೀಸು ಎಂದು ಮೊದಲ ತರಗತಿಯಲ್ಲೇ ಹೇಳಿ, ಯಾರೂ ನಗದಿದ್ದಾಗ ತಾವೇ ನಕ್ಕವರು.

ಹತ್ತೊಂಬತ್ತನೇ ಕಲಂ ಬಂತು. ಕೆಲಸದ ದಿನದಂದು ತಂತ್ರಾಂಶ ನಿಂತುಹೋಗಿ, ಕ್ಯಾಸ್ಕಡೂವಿನ ಕಡೆಯಿಂದ ನಾಲ್ಕು ಗಂಟೆಯೊಳಗೆ ಯಾರೂ ಓಗೊಡದಿದ್ದರೆ, ಅದರ ಸೋರ್ಸ್ ಕೋಡ್ ಇಡಿಯಾಗಿ ನಾರ್ತ್‌ಲೇಕಿನ ಸ್ವತ್ತಾಗುತ್ತದೆ. ಸೋರ್ಸ್ ಕೋಡ್ ಅಂದರೆ ತಂತ್ರಾಂಶದ ಕರುಳು. ಅದು ಹೋದರೆ ಕ್ಯಾಸ್ಕಡೂವಿನಲ್ಲಿ ಉಳಿಯುವುದು ಐದು ಕುರ್ಚಿ, ಒಂದು ಫ್ಯಾನು, ಕೆಳಗಿನಿಂದ ಬರುವ ರೋಟಿಯ ಘಮ.

ಲೆನಾಕ್ಸನಿಗೆ ಇದರಲ್ಲೇನೂ ಭಯ ಕಾಣಲಿಲ್ಲ. ಕೆಲಸದ ದಿನ ನಾವು ಐವರಲ್ಲಿ ಒಬ್ಬರಾದರೂ ಇದ್ದೇ ಇರುತ್ತೇವೆ, ನಾಲ್ಕು ಗಂಟೆ ಯಾಕೆ, ನಾಲ್ಕು ನಿಮಿಷ ಸಾಕು ಅಂದ. ವಶ್ತಿಯೂ ಹಿಂದಿನ ದಿನ ಮ್ಯಾಕ್ಸಿ ಟ್ಯಾಕ್ಸಿಯಲ್ಲಿ ಮನೆಗೆ ಹೋಗುವಾಗ ಇದೇ ಕಲಮನ್ನು ತನ್ನ ದನಿಯಲ್ಲೇ ಮನಸ್ಸಿನೊಳಗೆ ಓದಿ, ಕಠಿಣ ಆದರೆ ನೇರ ಎಂದು ಅಂಚಿನಲ್ಲಿ ಬರೆದಿದ್ದಳು. ಈಗ ಲಾಕ್ರುವಾ ಆಗಿ ಓದುತ್ತ ‘ಕೆಲಸದ ದಿನ’ ಎಂಬುದರ ಅರ್ಥವಿವರಣೆಗೆ ಬಂದಳು. “ಕೆಲಸದ ದಿನ ಎಂದರೆ, ಸಹಜವಾಗಿಯೇ, ಟ್ರಿನಿಡಾಡಿನ ಕಾನೂನಿನಲ್ಲಿ ಘೋಷಿತವಾದ ಸಾರ್ವಜನಿಕ ರಜೆಗಳನ್ನು ಬಿಟ್ಟು, ಸೋಮವಾರದಿಂದ ಶುಕ್ರವಾರದವರೆಗೆ…”

ನಿಂತಳು. ಅವಳ ಕನ್ನಡಕ ಮೂಗಿನ ಮೇಲಿರಲಿಲ್ಲ. ಕೈಯಲ್ಲಿತ್ತು. ಅದನ್ನು ಅಂಗಿಯ ತುದಿಯಿಂದ ಮೆಲ್ಲಗೆ ಒರೆಸುತ್ತಿದ್ದಳು. ಲಾಕ್ರುವಾ ತರಗತಿಯಲ್ಲಿ ಮೋಸದ ಪ್ರಶ್ನೆ ಕೇಳುವಾಗ ಮಾತ್ರ ಹೀಗೆ ಮಾಡುತ್ತಿದ್ದರು. ಮೊದಲು ‘ಸಹಜವಾಗಿಯೇ’ ಅನ್ನುವರು, ದನಿಗೆ ಬೆಣ್ಣೆ ಸವರುವರು, ಕನ್ನಡಕ ತೆಗೆದು ಒರೆಸುವರು. ಅದರ ಮರುಕ್ಷಣ ಯಾರಾದರೂ ಒಬ್ಬ ವಿದ್ಯಾರ್ಥಿ ಹಳ್ಳಕ್ಕೆ ಬಿದ್ದಿರುತ್ತಿದ್ದ. ಅವಳ ಬುದ್ಧಿಗಿಂತ ಮೊದಲು ಅವಳ ಕೈಗೆ ಗೊತ್ತಾಗಿತ್ತು.

“ಲೆನಾಕ್ಸ್, ಕಾರ್ನಿವಲ್ ಸೋಮವಾರ ರಜೆಯೇನೋ?”

“ಏನೇ ಇದು, ಬಿಸಿಲು ತಲೆಗೇರ್ತಾ?” ಅಂದ ಅವನು. “ಸೂರ್ಯ ಪೂರ್ವದಲ್ಲಿ ಹುಟ್ತಾನಾ ಅಂತಾನೂ ಕೇಳು.”

ಶಾಲೆ ಮುಚ್ಚಿರುತ್ತದೆ, ಬ್ಯಾಂಕು ಮುಚ್ಚಿರುತ್ತದೆ, ರಜೆ ಘೋಷಿಸಬೇಕಾದ ಸರ್ಕಾರವೇ ಬಾಗಿಲು ಹಾಕಿಕೊಂಡು ಬೀದಿಯಲ್ಲಿ ಕುಣಿಯುತ್ತಿರುತ್ತದೆ. ಕಾರ್ನಿವಲ್ ಶುರುವಾಗುವ ಆ ಸೋಮವಾರದ ನಸುಕಿನಲ್ಲಿ, ಜೂವೇ ಕುಣಿತಕ್ಕೆ, ಲೆನಾಕ್ಸನೂ ಅವನ ನಾಲ್ವರೂ ಮೈಗೆಲ್ಲ ಕೆಸರು ಬಳಿದುಕೊಂಡು ನಡುಬೀದಿಯಲ್ಲಿರುತ್ತಾರೆ. ಫೋನು ಮನೆಯಲ್ಲಿರುತ್ತದೆ, ಯಾಕೆಂದರೆ ಕೆಸರಿಗೆ ಜೇಬಿಲ್ಲ. ಆದರೆ ಕಾನೂನು ತೆರೆದು ನೋಡಿದರೆ ಈದ್ ಇದೆ, ದೀಪಾವಳಿ ಇದೆ, ಈಸ್ಟರ್ ಸೋಮವಾರ ಇದೆ, ಕಾರ್ನಿವಲ್ ಸೋಮವಾರ ಇಲ್ಲ. ಮಂಗಳವಾರವೂ ಇಲ್ಲ. ಇಡೀ ದ್ವೀಪಕ್ಕೆ ಅದು ರಜೆ ಎಂದು ಎಷ್ಟು ಗೊತ್ತೆಂದರೆ, ಅದನ್ನು ರಜೆ ಎಂದು ಬರೆಯುವುದು ಯಾರಿಗೂ ಹೊಳೆದೇ ಇಲ್ಲ. ಪರದೇಶದವನು ಪಟ್ಟಿ ನೋಡಿ ಸರಿಯಾಗಿ ಹೇಳಿಯಾನು. ತಪ್ಪುವವರು ಇಲ್ಲಿಯವರೇ. ಆ ದಿನ ಬೇರೆ ಊರುಗಳಲ್ಲೂ ನಾರ್ತ್‌ಲೇಕಿನ ಹಬ್ಬಗಳು ನಡೆಯುತ್ತಿರುತ್ತವೆ, ತಂತ್ರಾಂಶ ಒಮ್ಮೆ ಬಿಕ್ಕಿದರೆ ಸಾಕು. ರಜೆಯೇ ಸಜೆ.

ಲೆನಾಕ್ಸ್ ಡಬಲ್ಸನ್ನು ಕೆಳಗಿಟ್ಟ. ಆ ಎರಡು ದಿನವನ್ನೂ ರಜೆ ಅಂತ ಸೇರಿಸಲು ಕೇಳಿಬಿಡು ಎಂದ. ವಶ್ತಿ ಒಪ್ಪಲಿಲ್ಲ. ಕೇಳಿದರೆ ಲಾಕ್ರುವಾ ಮುಗುಳ್ನಕ್ಕು ಕೊಡುತ್ತಾರೆ, ಕೊಟ್ಟ ಉಪಕಾರಕ್ಕೆ ಬದಲಾಗಿ ಇನ್ನೇನನ್ನೋ ಕೀಳುತ್ತಾರೆ. ದಿನಗಳು ಬರೀ ಕಿಂಡಿ. ಕಿಂಡಿ ಮುಚ್ಚಿದರೂ ಕಳ್ಳ ಅಂಗಳದಲ್ಲೇ ಇರುತ್ತಾನೆ. ಮುಂದೆ ಒಂದು ದಿನ ಕರೆಂಟು ಹೋದರೂ ಕೋಡ್ ಹೋದಂತೆಯೇ. ತೆಗೆಯಬೇಕಾದದ್ದು ಕಲಮನ್ನೇ. ಅದನ್ನೂ ಅವರ ಕೈಯಲ್ಲೇ ತೆಗೆಸಬೇಕು.

“ಅದು ಹ್ಯಾಗೆ?” ಅಂದ ಲೆನಾಕ್ಸ್.

“ಒಪ್ಕೊಂಡು,” ಅಂದಳು ವಶ್ತಿ.

ಮೂರು ದಿನ ಕಳೆದು, ಮಂಗಳವಾರ, ಸೇಂಟ್ ವಿನ್ಸೆಂಟ್ ಬೀದಿಯ ಲಾಕ್ರುವಾರ ಕಚೇರಿಯಲ್ಲಿ ಮಾತುಕತೆ. ನಾರ್ತ್‌ಲೇಕಿನ ಉಪಾಧ್ಯಕ್ಷೆ ಮೆರಿಡಿತ್ ಕ್ರೋಲ್ ಹಿಮದಿಂದ ನೇರ ಇಳಿದು ಬಂದಿದ್ದಳು. ಬಂದ ಮರುದಿನವೇ ಮೂಗು ಸುಟ್ಟು ಕೆಂಪಾಗಿತ್ತು. ಬೆಳಗಿನ ಹೊತ್ತು ಸಣ್ಣಪುಟ್ಟ ಕಲಮುಗಳ ಎಳೆದಾಟದಲ್ಲಿ ಕಳೆಯಿತು. ತೆರಿಗೆ ಯಾರ ಪಾಲು, ಜಗಳವಾದರೆ ಯಾವ ಊರಿನಲ್ಲಿ ತೀರ್ಮಾನ. ಟೊರಾಂಟೋಗೆ ಬರಲು ನನ್ನ ಕಕ್ಷಿದಾರರ ಬಳಿ ಕೋಟಿಲ್ಲ ಎಂದು ವಶ್ತಿ, ಕೋರ್ಟಿಗೆ ಕೋಟು ಕಡ್ಡಾಯ ಎಂದು ಲಾಕ್ರುವಾ. ಕೊನೆಗೆ ಪೋರ್ಟ್ ಆಫ್ ಸ್ಪೇನೇ ಎಂದಾಯಿತು. ಒಣಗಿದ ಗಂಟಲಿಗೆ ಮಾಬಿ ಬಂತು, ಮರದ ತೊಗಟೆ ಕುದಿಸಿ ಮಾಡುವ ತಂಪು ಪಾನೀಯ. ಮೆರಿಡಿತ್ ಒಂದು ಗುಟುಕು ಕುಡಿದು, ಈ ಕಹಿ ಕರಾರಿನ ಭಾಗವೋ ಎಂದು ಕೇಳಿದಳು.

ಹತ್ತೊಂಬತ್ತನೇ ಕಲಂ ಬಂದಾಗ ಲಾಕ್ರುವಾರ ಕೈ ಕನ್ನಡಕಕ್ಕೆ ಹೋಯಿತು. ವಶ್ತಿ ಮೇಜಿನ ಕೆಳಗೆ ಕುಣಿಯುತ್ತಿದ್ದ ಲೆನಾಕ್ಸನ ಮೊಣಕಾಲನ್ನು ಒಂದು ಕೈಯಿಂದ ಅದುಮಿ ಹಿಡಿದುಕೊಂಡೇ, ಕಲಂ ನಮಗೆ ಪೂರ್ತಿ ಒಪ್ಪಿಗೆ ಅಂದಳು. ಲಾಕ್ರುವಾ ಒರೆಸುವುದನ್ನು ನಿಲ್ಲಿಸಿದರು. ಅಷ್ಟು ಸುಲಭವಾಗಿ ಸಿಕ್ಕಿದ್ದು ಅವರಿಗೆ ಹಿಡಿಸಿದಂತೆ ಕಾಣಲಿಲ್ಲ.

“ಒಂದೇ ಒಂದು ಸಾಲು ಸೇರಿಸೋಣ ಸರ್,” ಅಂದಳು ವಶ್ತಿ. “ಕೆಲಸದ ದಿನ ನಾವು ಜಾಗದಲ್ಲಿರ್ತೀವಿ ಅಂದ್ಮೇಲೆ ನೀವೂ ಇರ್ಬೇಕಲ್ವ. ತಂತ್ರಾಂಶ ನಿಂತಿದೆ ಅನ್ನೋ ನೋಟಿಸಿಗೆ ನೀವೇ ಸಹಿ ಹಾಕಿ, ಅದೇ ದಿನ, ಅದೇ ನಾಲ್ಕು ಗಂಟೆಯೊಳಗೆ ವುಡ್‌ಬ್ರೂಕಿಗೆ ಬಂದು ನಮ್ಮ ಬಾಗಿಲಲ್ಲಿ ಕೊಡ್ಬೇಕು. ಕೊಡದಿದ್ರೆ ಈ ಕಲಂ ಸತ್ತ ಹಾಗೆ. ಬೇರೆ ಯಾರಿಗೂ ತಂತ್ರಾಂಶ ಮಾರಬಾರದು ಅಂತ ನಮ್ಮ ಕೈ ಕಟ್ಟಿಹಾಕಿದೀರಲ್ಲ, ಆ ಹಕ್ಕೂ ಅದರ ಜೊತೆ ಹೋಗುತ್ತೆ.”

ಈಗ ಎಲ್ಲ ಇಮೇಲಿನ ಕಾಲ, ಕಾಗದ ಹೊತ್ತು ಯಾರು ತಿರುಗುತ್ತಾರೆ ಎಂದರು ಲಾಕ್ರುವಾ. ಒಂದು ಕಂಪನಿಯ ಕರುಳು ಕೀಳುವುದೆಂದರೆ ಮನೆ ಜಪ್ತಿ ಮಾಡಿದ ಹಾಗೆ, ಜಪ್ತಿ ಮಾಡುವವನು ಬಾಗಿಲಿಗೆ ಬರಬೇಕು ಎಂದು ತಾವೇ ಪಾಠ ಹೇಳಿದ್ದಿರಿ ಎಂದಳು ವಶ್ತಿ. ಮೆರಿಡಿತ್ ತಲೆಯಾಡಿಸಿದಳು. ಅವಳಿಗೆ ಇದು ನ್ಯಾಯವಾಗಿಯೇ ಕಂಡಿತು. ವುಡ್‌ಬ್ರೂಕ್ ಇಲ್ಲಿಂದ ದೂರವೇ ಎಂದು ಕೇಳಿದಳು. ಹತ್ತಿರವೇ ಎಂದು ಲಾಕ್ರುವಾ ಒಪ್ಪಿಕೊಳ್ಳಬೇಕಾಯಿತು. ಹಾಗಿದ್ದ ಮೇಲೆ ತೊಂದರೆ ಏನು, ಕೆಲಸದ ದಿನ ತಾನೆ?

ಲಾಕ್ರುವಾ ಕೆಮ್ಮಿದರು. ಕೆಲವು ಕೆಲಸದ ದಿನಗಳಲ್ಲಿ ರಸ್ತೆಯಲ್ಲಿ ಕೊಂಚ ಗದ್ದಲ ಇರುವುದುಂಟು ಅಂದರು. ಎಂಥ ಗದ್ದಲ ಎಂದಳು ಮೆರಿಡಿತ್. ವಶ್ತಿ ತುಟಿ ಬಿಗಿದು ಸೂರು ನೋಡುತ್ತ ಕೂತಳು. ಆದರೆ ಲೆನಾಕ್ಸ್ ಟ್ರಿನಿಡಾಡಿನವನು. ಎದುರಿಗೆ ಹೀಗೆ ಹರಡಿಟ್ಟ ಪಿಕಾಂಗಿನ ಅವಕಾಶವನ್ನು, ಹಿರಿಯರನ್ನು ನಾಲ್ಕು ಜನರ ನಡುವೆ ಕಾಲೆಳೆಯುವ ಆ ಸುಖವನ್ನು, ಬಿಡುವುದು ಅವನ ರಕ್ತದಲ್ಲಿಲ್ಲ.

“ಮೇಡಂ, ಕಾರ್ನಿವಲ್ ಸೋಮವಾರ ಸರ್ ಬರೋದಕ್ಕಾಗಲ್ಲ,” ಅಂದ. “ಬಿಳಿ ಪ್ಯಾಂಟು ಹಾಕ್ಕೊಂಡು ಹಳೇ ನಾವಿಕರ ವೇಷದ ತಂಡದಲ್ಲಿ ಕುಣೀತಿರ್ತಾರೆ. ತಲೆ ಮೇಲೆ ಇಷ್ಟೆತ್ತರ ಕಿರೀಟ. ಹೋದ ವರ್ಷ ಅದರ ಮೇಲೆ ಮೊಸಳೆ ಇತ್ತು.”

“ಮೊಸಳೆ ಅಲ್ಲ,” ಅಂದರು ಲಾಕ್ರುವಾ, ತಡೆಯಲಾರದೆ. “ಇಗುವಾನ. ಮೊಸಳೆಗೆ ಬಾಲ ಹಾಗಿರುತ್ತೇನೋ?”

ಅಂದ ಮೇಲೆ ಅವರಿಗೇ ಅರ್ಥವಾಯಿತು. ಕಾಗದದಲ್ಲಿ ತಾವು ಕೆಲಸದ ದಿನ ಎಂದು ಬರೆದದ್ದನ್ನು ತಮ್ಮ ಕಿರೀಟದ ಇಗುವಾನ ಹಲ್ಲಿಯೇ ಬಂದು ಅಲ್ಲಗಳೆದುಬಿಟ್ಟಿತ್ತು. ಮೆರಿಡಿತ್ ಪುಟ ಹಿಂದಕ್ಕೆ ಮಗುಚಿ ಅರ್ಥವಿವರಣೆ ಓದಿದಳು, ಮತ್ತೆ ಮುಂದಕ್ಕೆ ಮಗುಚಿ ಕಲಂ ಓದಿದಳು.

“ಅಂದ್ರೆ ಯಾರೂ ಕೆಲಸ ಮಾಡದ ಕೆಲಸದ ದಿನ ಇದು,” ಅಂದಳು. “ನಿಮಗೆ ಗೊತ್ತಿತ್ತಾ, ಅಲೋಯ್ಸಿಯಸ್?”

“ಕಾನೂನಿನ ಪ್ರಕಾರ ನೋಡಿದರೆ…”

“ಕಾನೂನನ್ನ ಕೇಳಲಿಲ್ಲ. ನಿಮ್ಮನ್ನ ಕೇಳಿದೆ.”

ಗೆದ್ದ ಕ್ಷಣ ಅದು. ಅಲ್ಲೇ ಕುಣಿದಿದ್ದರೆ ಗೆಲುವು ಅಷ್ಟಕ್ಕೇ ಮುಗಿಯುತ್ತಿತ್ತು, ಮೆರಿಡಿತ್ ಆ ಎರಡು ದಿನ ಬಿಟ್ಟುಕೊಟ್ಟು ಕಲಮನ್ನು ಇಟ್ಟುಕೊಳ್ಳುತ್ತಿದ್ದಳು. ವಶ್ತಿ ಲಾಕ್ರುವಾರ ಉತ್ತರಕ್ಕೆ ಕಾಯದೆ ಮೆರಿಡಿತ್ ಕಡೆ ತಿರುಗಿದಳು. ಭಾನುವಾರ ಇಡೀ ಮಧ್ಯಾಹ್ನ ಅವಳು ಮೆರಿಡಿತ್ ಆಗಿಯೂ ಓದಿ ನೋಡಿದ್ದಳು. ನೋಡಿದ್ದು ವಿಡಿಯೋ ಕರೆಯಲ್ಲಿ ಎರಡೇ ಸಲವಾದರೂ, ಆ ಹೆಂಗಸಿನ ದನಿಯಲ್ಲಿ ಕೋಡಿನ ಆಸೆ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಹೆದರಿಕೆ. ಅದನ್ನೇ ಈಗ ಅವಳ ಮುಂದಿಟ್ಟಳು. ನಿಮಗೆ ಕೋಡ್ ಬೇಕಾಗಿಲ್ಲ, ಇಟ್ಟುಕೊಂಡು ಏನು ಮಾಡಬೇಕೆಂದೂ ನಿಮ್ಮವರಿಗೆ ತಿಳಿಯದು. ರೋಟಿ ಅಂಗಡಿಯ ಮೇಲಿನ ಈ ಐದು ಜನ ನಾಳೆ ಅಂಗಡಿ ಎತ್ತಿಕೊಂಡು ಹೋದರೆ ನಿಮ್ಮ ಹಬ್ಬಗಳ ಗತಿ ಏನು ಎಂಬುದು ನಿಮ್ಮ ಚಿಂತೆ.

ಮೆರಿಡಿತ್ ನಕ್ಕಳು. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ನೀವು ಕೂತಿದ್ದಿರೇನು ಎಂದು ಕೇಳಿದಳು.

ಹಾಗಾದರೆ ಹತ್ತೊಂಬತ್ತನ್ನು ಪೂರ್ತಿ ತೆಗೆಯೋಣ ಎಂದಳು ವಶ್ತಿ. ಕೋಡಿನ ಒಂದು ಪ್ರತಿಯನ್ನು ಇಬ್ಬರಿಗೂ ಸೇರದ ಮೂರನೆಯವರ ಬಳಿ ಬೀಗ ಹಾಕಿ ಇಡೋಣ. ಕ್ಯಾಸ್ಕಡೂ ಮುಚ್ಚಿಹೋದರೆ ಮಾತ್ರ ಬೀಗ ತೆರೆಯಲಿ, ಅದೂ ಒಪ್ಪಿಕೊಂಡ ಹಬ್ಬಗಳನ್ನು ನಡೆಸಿ ಮುಗಿಸುವುದಕ್ಕಷ್ಟೇ. ಒಂದು ದಿನ ನಿಂತರೆ ಒಂದು ದಿನದ ಬಾಡಿಗೆ ಕಡಿಯಿರಿ. ಮೆರಿಡಿತ್ ಪೆನ್ನಿನಿಂದ ಮೇಜು ಕುಟ್ಟಿದಳು, ಕಿಟಕಿಯಾಚೆ ನೋಡಿದಳು, ತನಗೆ ಇಷ್ಟೇ ಬೇಕಿತ್ತು ಎಂದಳು.

ಲಾಕ್ರುವಾ ಕರಡನ್ನು ಎಳೆದುಕೊಂಡು ಹತ್ತೊಂಬತ್ತನೇ ಕಲಮಿನ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. ಸೋಲಿನಲ್ಲೂ ಮನುಷ್ಯ ಕಸುಬುದಾರ. ಹೊಸ ಸಾಲಿನಲ್ಲಿ ಬರೀ ‘ಮುಚ್ಚಿದರೆ’ ಎಂದಿದ್ದರೆ ಮಧ್ಯಾಹ್ನ ಊಟಕ್ಕೆ ಮುಚ್ಚಿದರೂ ಆದೀತು, ‘ವ್ಯವಹಾರವನ್ನೇ ನಿಲ್ಲಿಸಿದರೆ’ ಎಂದು ಹಾಕು ಎಂದು ವಶ್ತಿಗೇ ತಿದ್ದಿಕೊಟ್ಟರು. ಆಮೇಲೆ ತಲೆಯೆತ್ತಿ ನೋಡಿದರು.

“ಯಾರಮ್ಮ ಹೇಳಿದ್ದು ನಿನಗೆ?”

“ನೀವೇ ಸರ್,” ಅಂದಳು. ಗದ್ದ ಮೇಲೆತ್ತಿದಳು, ಕನ್ನಡಕ ತೆಗೆದಳು, ಬೆಣ್ಣೆ ಸವರಿದಳು. “ಸಹಜವಾಗಿಯೇ… ಸಾರ್ವಜನಿಕ… ರಜೆಗಳನ್ನು… ಬಿಟ್ಟು.”

ಬಾಯಿಗಿಟ್ಟ ಲೋಟದೊಳಕ್ಕೇ ನಕ್ಕು ಮೆರಿಡಿತ್ ಮಾಬಿ ಚೆಲ್ಲಿಬಿಟ್ಟಳು. ಕರಾರಿನ ಮೊದಲ ಪುಟ ಕಂದಾಗಿ ಹೋಯಿತು.

“ನಾನು… ಹಾಗೆ… ಮಾತಾಡ್ತೀನಾ?” ಎಂದು ಕೇಳಿದರು ಲಾಕ್ರುವಾ, ತದ್ವತ್ ಹಾಗೆಯೇ. ಲೆನಾಕ್ಸ್ ಹಣೆಯನ್ನು ಮೇಜಿಗೆ ಊರಿ ಬೆನ್ನು ಕುಲುಕಿಸತೊಡಗಿದ. ಒಂದು ಗಳಿಗೆ ಬಿಗಿಯಾಗಿ ಕೂತಿದ್ದ ಲಾಕ್ರುವಾರ ಹೊಟ್ಟೆಯೂ ಅಲುಗಿತು. ಪರೀಕ್ಷೆಯಲ್ಲಿ ನಿನಗೆ ಎಷ್ಟು ಅಂಕ ಕೊಟ್ಟಿದ್ದೆ ಎಂದು ಕೇಳಿದರು. ಪಾಸಾಗುವಷ್ಟು ಎಂದಳು. ತಿದ್ದುವಾಗ ಕನ್ನಡಕ ಒರೆಸಿಕೊಂಡಿರಲಿಲ್ಲ ಅಂತ ಕಾಣುತ್ತೆ ಅಂದರು. ಆ ಊರಿನಲ್ಲಿ ಒಬ್ಬ ವಕೀಲ ಇನ್ನೊಬ್ಬರಿಗೆ ಕೊಡಬಹುದಾದ ಬಿರುದಿನಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಹೊಸ ಪ್ರತಿ ತೆಗೆದು ಮಧ್ಯಾಹ್ನದ ಊಟಕ್ಕೂ ಮುಂಚೆ ಸಹಿಯಾಯಿತು. ಸಹಿಗೊಂದು ಗುಡಿಸು ಕೊಟ್ಟರೆ ಸಿಹಿ ಎಂಬಂತೆ ಲೆನಾಕ್ಸ್ ಪ್ರತಿ ಪುಟದ ಮೂಲೆಯಲ್ಲೂ ಒಂದೊಂದು ಸುಳಿ ಜಾಸ್ತಿಯೇ ಎಳೆದ. ಬೀದಿಗಿಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅವನು ಕರಾರನ್ನು ಎದೆಗೊತ್ತಿಕೊಂಡು ಪಾದಚಾರಿಗಳ ನಡುವೆಯೇ ನಿಂತು ಕಚೇರಿಗೆ ಫೋನು ಮಾಡಿದ. ಅತ್ತ ಮೊದಲ ಗಂಟೆ ಮುಗಿಯುವ ಮುಂಚೆಯೇ ಎತ್ತಿದರು. ನಾಲ್ವರೂ ಒಂದೇ ಫೋನಿಗೆ ಕಿವಿ ಕೊಟ್ಟಿದ್ದರೆಂದು ಉಸಿರಿನಿಂದಲೇ ತಿಳಿಯಿತು. ಗಿರಾಕಿ ಸಿಕ್ಕಿತೇ ಎಂದು ಯಾರೂ ಕೇಳಲಿಲ್ಲ.

“ಕೋಡ್ ಯಾರದ್ದು ಬಾಸ್?”

ಲೆನಾಕ್ಸ್ ಪಕ್ಕಕ್ಕೆ ತಿರುಗಿದ. ಫೋನನ್ನು ವಶ್ತಿಯ ಕೈಗೆ ಕೊಟ್ಟ.

“ನಮ್ಮದೇ ಕಣ್ರೋ,” ಅಂದಳು ಅವಳು.

ಅತ್ತ ಕಡೆ ಎದ್ದ ಕೂಗಿಗೆ ಅವಳು ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಪಕ್ಕದಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು, ಯಾರು ಏನು ಗೆದ್ದರೆಂದು ತಿಳಿಯದಿದ್ದರೂ, ನಿಂತು ಚಪ್ಪಾಳೆ ತಟ್ಟಿ ಮುಂದೆ ಹೋದಳು.