ಹಾಲಿನ ಕಾರ್ಡಿನಲ್ಲಿ ಹನ್ನೊಂದು ಸಭೆ

ಕೊಡಿಗೇಹಳ್ಳಿಯಲ್ಲಿ ಕೃಷ್ಣಮ್ಮನ ಕೊಟ್ಟಿಗೆಯಿಂದ ಅವಳ ಫ್ಲ್ಯಾಟಿಗೆ ನಲವತ್ತು ಹೆಜ್ಜೆ. ನಡುವೆ ಅಪಾರ್ಟ್‌ಮೆಂಟಿನ ಕಾಂಪೌಂಡು, ಕಾಂಪೌಂಡಿನಲ್ಲೊಂದು ಚಿಕ್ಕ ಗೇಟು. ಆ ಗೇಟಿಗೆ ಬೀಗ ಬಿದ್ದು ಹನ್ನೊಂದು ತಿಂಗಳಾಗಿತ್ತು.

ಅಪಾರ್ಟ್‌ಮೆಂಟು ಎದ್ದದ್ದೇ ಅವರ ಜಮೀನಿನಲ್ಲಿ. ಬಿಲ್ಡರ್ ಜೊತೆ ಮಾಡಿಕೊಂಡ ಒಪ್ಪಂದದಂತೆ ನಲವತ್ತೆಂಟರಲ್ಲಿ ಕೆಲವು ಫ್ಲ್ಯಾಟು ಅವರ ಪಾಲಿಗೆ ಬಂದವು. ಹಿಂದುಗಡೆಯ ಕೊಟ್ಟಿಗೆ ಮತ್ತು ನಾಲ್ಕು ಹಸು ಮೊದಲಿನಂತೆಯೇ ಉಳಿದವು. ಅದೇ ಕಟ್ಟಡದ ಹತ್ತೊಂಬತ್ತು ಮನೆಗಳಿಗೆ ಕೃಷ್ಣಮ್ಮ ಹಾಲು ಹಾಕುತ್ತಿದ್ದಳು. ಯಾರದೋ ಎರಡು ಸೈಕಲ್ಲು ಕಳುವಾದ ವಾರವೇ ಸಂಘದವರು ಗೇಟು ಮುಚ್ಚಿಸಿದರು. ಅಂದಿನಿಂದ ಕೃಷ್ಣಮ್ಮನೋ ಗಂಡ ಲಕ್ಕಣ್ಣನೋ ಕ್ಯಾನು ಹೊತ್ತು ಸರ್ವೀಸ್ ರಸ್ತೆ ಸುತ್ತಿಕೊಂಡು ಮುಂದಿನ ಗೇಟಿನಿಂದ ಬರಬೇಕು. ಸೊಸೆ ಮೋನಿಕಾ ಫೋನಿನಲ್ಲಿ ಅಳೆದಿದ್ದಳು: ಒಂದು ಕಿಲೋಮೀಟರು ನೂರು ಮೀಟರು. ದಿನಕ್ಕೆ ಎರಡು ಹೊತ್ತು.

"ತಿಂಗಳ ಕೊನೆಗೆ ಹಸು ಕೊಟ್ಬಿಡಾನ ಕಣೆ," ಎಂದ ಲಕ್ಕಣ್ಣ. "ದೊಡ್ಡಬಳ್ಳಾಪುರದ ಬೈರಣ್ಣ ಕೇಳ್ತಾವ್ನೆ."

"ಕೇಳ್ಲಿ ಬಿಡಿ."

"ನನ್ ಮಂಡಿ ಎಕ್ಸ್‌ರೇ ನೀನೂ ನೋಡಿದ್ಯಲ್ಲ. ಇನ್ನೆಷ್ಟು ದಿನ ಸುತ್ಲಿ?"

"ಈ ಭಾನುವಾರದ ಮೀಟಿಂಗು ಒಂದಾಗ್ಲಿ," ಎಂದಳು.

"ಹನ್ನೊಂದು ಆಗೋದ್ವಲ್ಲ."

ಹನ್ನೊಂದಕ್ಕೂ ಕೃಷ್ಣಮ್ಮ ಹೋಗಿದ್ದಳು. ಪ್ರತಿ ಸಲ ಎದ್ದು ನಿಂತು ಗೇಟಿನ ಮಾತೆತ್ತುವಳು. ಸಂಘದ ಅಧ್ಯಕ್ಷ ಅನಂತರಾಜು ಅದೇ ಊರಿನವನು, ಅವಳಿಗಿಂತ ಆರು ವರ್ಷ ಚಿಕ್ಕವನು. ಕಾರ್ಯದರ್ಶಿ ಜೀಷಾನನ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಬರೆಸಿ, ಇವಳ ಕಡೆ ತಿರುಗಿ, "ಆಯ್ತು ಕೃಷ್ಣಕ್ಕ, ಬರ್ಕೊಂಡಿದೀವಿ," ಎನ್ನುವನು. ಬರೆದುಕೊಂಡರು ಎಂದರೆ ಕೆಲಸ ಆದಂತೆಯೇ ಎಂದು ಕೃಷ್ಣಮ್ಮ ನಂಬಿದ್ದಳು. ಅವಳ ಕಸುಬಿನಲ್ಲಿ ಅದು ಹಾಗೇ. ಒಂದೊಂದು ಮನೆಗೂ ಒಂದು ಹಾಲಿನ ಕಾರ್ಡು, ಅದರಲ್ಲಿ ದಿನಕ್ಕೊಂದು ಚೌಕ. ಪಾತ್ರೆಗೆ ಹಾಲು ಬಿದ್ದ ಮೇಲೆಯೇ ಗುರುತು ಹಾಕುವುದು. ಮೊದಲು ಹಾಕಿದ್ದೇ ಇಲ್ಲ.

ಗುರುವಾರ ಮಧ್ಯಾಹ್ನ ಮೋನಿಕಾ ಊಟದ ಮೇಜಿನ ಮೇಲೆ ದೊಡ್ಡ ಚಾರ್ಟು ಹರಡಿಕೊಂಡಿದ್ದಳು. ಅವಳು ಯಲಹಂಕದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಒಂಬತ್ತನೇ ತರಗತಿಗೆಂದು ನಲವತ್ತು ಫ್ರೇಸಲ್ ವರ್ಬ್‌ಗಳನ್ನು, ಅಂದರೆ ಎರಡು ಮೂರು ಪದ ಸೇರಿ ಒಂದೇ ಅರ್ಥ ಕೊಡುವ ಕ್ರಿಯಾಪದಗಳನ್ನು, ನಂಬರು ಹಾಕಿ ಬರೆದು, ಪಕ್ಕದಲ್ಲಿ ಕನ್ನಡದ ಅರ್ಥ ಬರೆಯುತ್ತಿದ್ದಳು. ಕೃಷ್ಣಮ್ಮನಿಗೆ ಅಕ್ಷರ ಕೂಡಿಸಿಕೊಂಡು ಓದುವಷ್ಟು ಇಂಗ್ಲಿಷ್ ಬರುತ್ತಿತ್ತು. ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಲುಕ್ ಇನ್‌ಟು. ಇದು ನಮ್ ಅನಂತರಾಜು ಯಾವಾಗ್ಲೂ ಅನ್ನೋದು. ಏನಂಗಂದ್ರೆ?"

"ಪರಿಶೀಲಿಸೋದು ಅತ್ತೆ."

"ಅಂದ್ರೆ ಕೆಲಸ ಶುರುವಾಯ್ತು ಅಂತಾನಾ?"

"ಇಲ್ಲ. ಮಾಡ್ಬೇಕೋ ಬೇಡ್ವೋ ಅಂತ ನೋಡೋದು, ಅಷ್ಟೆ."

ಕೃಷ್ಣಮ್ಮ ಕುರ್ಚಿ ಎಳೆದುಕೊಂಡು ಕೂತಳು. "ಮೀಟಿಂಗಲ್ಲಿ ಬರ್ದಿದ್ದು ನಿನ್ ಫೋನಿಗೆ ಬರ್ತದಲ್ಲ, ತೆಗಿ. ಬರೀ ಗೇಟಿನ ಸಾಲು ಓದು."

ಮೋನಿಕಾ ಒಂದೊಂದೇ ತಿಂಗಳ ನಡಾವಳಿ ತೆಗೆದು ಓದಿದಳು. ಕೃಷ್ಣಮ್ಮ ಖಾಲಿ ಹಾಲಿನ ಕಾರ್ಡೊಂದನ್ನು ತಂದು ಸಭೆಗೊಂದು ಚೌಕದಂತೆ ತುಂಬಿದಳು. ಟೇಕ್ ಅಪ್, ಅಂದರೆ ಚರ್ಚೆಗೆ ಎತ್ತಿಕೊಳ್ಳುವುದು: ಎರಡು ಸಲ. ಲುಕ್ ಇನ್‌ಟು ನಾಲ್ಕು ಸಲ. ಫಾಲೋ ಅಪ್, ಬೆನ್ನುಹತ್ತಿ ವಿಚಾರಿಸುವುದು: ಎರಡು ಸಲ. ಪುಟ್ ಆಫ್, ಮುಂದಕ್ಕೆ ಹಾಕುವುದು: ಮೂರು ಸಲ. ಒಟ್ಟು ಹನ್ನೊಂದು.

"ಈ ಕ್ಯಾರಿ ಔಟ್ ಅಂತ ಐತಲ್ಲ ಚಾರ್ಟಲ್ಲಿ?"

"ಮಾಡಿ ಮುಗಿಸೋದು."

"ಅದು ನಮ್ ಗೇಟಿಗೆ ಎಷ್ಟು ಸಲ ಬಂದದೆ?"

ಮೋನಿಕಾ ಮತ್ತೆ ಹುಡುಕಿದಳು. "ಗೇಟಿಗೆ ಒಂದ್ಸಲಾನೂ ಇಲ್ಲ. ಈಜುಕೊಳದ ಟೈಲ್ಸಿಗೆ ಬಂದಿದೆ. ಜೂನಲ್ಲಿ ಬ್ರಿಂಗ್ ಅಪ್, ಅಂದ್ರೆ ವಿಷಯ ಎತ್ತಿದ್ದಾರೆ. ಜುಲೈನಲ್ಲಿ ಕ್ಯಾರಿ ಔಟ್."

ಕೃಷ್ಣಮ್ಮ ಚಾರ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. "ಎಲ್ಲಾನೂ ಬಾಯಿಪಾಠ ಮಾಡ್ಸು ನಂಗೆ," ಎಂದಳು. "ನಲವತ್ತೂ."

"ಭಾನುವಾರಕ್ಕಾ?"

"ನಿನ್ ಮಕ್ಕಳಿಗೆ ಎಷ್ಟು ದಿನ ಕೊಡ್ತೀಯ?"

"ಎರಡು ವಾರ."

"ಅವಕ್ಕೆ ಆಟ ಇರ್ತದೆ. ನಂಗೇನೈತೆ."

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನೆಲಮಹಡಿಯ ಸಭಾಂಗಣದಲ್ಲಿ ಮೂವತ್ತೊಂದು ಫ್ಲ್ಯಾಟಿನವರು ಸೇರಿದ್ದರು. ಗೇಟಿನ ವಿಷಯ ಬಂದಾಗ ಕೃಷ್ಣಮ್ಮ ಎದ್ದಳು. ಕೈಯಲ್ಲಿ ಕಾರ್ಡಿತ್ತು. ಹಾಲು ತೆಗೆದುಕೊಳ್ಳುವವರಿಗೆ ದೂರದಿಂದಲೇ ಗುರುತು ಸಿಕ್ಕಿತು. ಅಂಥದ್ದೇ ಒಂದು ಅವರವರ ಫ್ರಿಜ್ಜಿನ ಬಾಗಿಲಲ್ಲೂ ಇತ್ತು.

"ಈ ಕಾರ್ಡಲ್ಲಿ ನಾನು ಹಾಲು ಹಾಕ್ದೇನೆ ಗುರುತು ಹಾಕಿದ್ದನ್ನ ಯಾರಾದ್ರೂ ನೋಡಿದ್ದೀರಾ?"

"ಇಲ್ಲಮ್ಮ, ನಮ್ಮನೇಲಂತೂ ಇಲ್ಲ," ಎಂದಳು ಮೂರನೇ ಮಹಡಿಯ ಸರಳಾ.

"ಅಂಗಾರೆ ಇದನ್ನೂ ಕೇಳಿ." ಅವಳು ತಿಂಗಳು, ತಾರೀಖು, ಬರೆದ ಮಾತು, ಅದರ ಅರ್ಥ, ನಾಲ್ಕನ್ನೂ ಹೇಳುತ್ತಾ ಹೋದಳು. ದನಿ ಏರಿಸಲಿಲ್ಲ. ಆರನೇ ಚೌಕದ ಹೊತ್ತಿಗೆ ಹಿಂದಿನ ಸಾಲಿನ ಮಾತು ನಿಂತಿತ್ತು. ಹನ್ನೊಂದೂ ಮುಗಿಸಿ ಈಜುಕೊಳದ ಎರಡು ತಿಂಗಳನ್ನೂ ಓದಿ, "ಸರಿಯಾ ಜೀಷಾನಪ್ಪ?" ಎಂದಳು.

ಜೀಷಾನ್ ಲ್ಯಾಪ್‌ಟಾಪಿನಲ್ಲಿ ತಾಳೆ ನೋಡಿದ. "ತಾರೀಖು ಸಮೇತ ಸರಿ ಇದೆ ಸರ್," ಎಂದು ಅಧ್ಯಕ್ಷನಿಗೆ ಹೇಳಿದ.

ಅನಂತರಾಜು ಗಂಟಲು ಸರಿಮಾಡಿಕೊಂಡ. "ಅಲ್ಲ ಕೃಷ್ಣಕ್ಕ, ಇವತ್ತೇ ಅಂದ್ರೆ ಹೆಂಗೆ? ಸೆಕ್ಯೂರಿಟಿಯವ್ರನ್ನ ಕೇಳ್ಬೇಕು. ವಿ ವಿಲ್ ಗೆಟ್ ಬ್ಯಾಕ್ ಟು ಯೂ."

"ಅದು ಚಾರ್ಟಲ್ಲಿ ಹದಿನೇಳನೇದು. ಆಮೇಲೆ ಹೇಳ್ತೀವಿ ಅಂತ ಅರ್ಥ. ಹನ್ನೆರಡನೇ ಚೌಕ ಖಾಲಿ ಐತೆ, ಬರ್ಕೊಳ್ಳಲಾ ಅನಂತರಾಜು?"

ಸಭೆ ನಕ್ಕಿತು. ಅನಂತರಾಜುವಿಗೂ ನಗು ತಡೆಯಲಾಗಲಿಲ್ಲ.

"ಸೈಕಲ್ಲು ಹೋಗಿದ್ದು ಮುಂದಿನ ಗೇಟಿಂದ ಅಂತ ಕ್ಯಾಮೆರಾದಲ್ಲೇ ಸಿಕ್ತಲ್ಲ ಸರ್," ಎಂದಳು ಸರಳಾ. "ಹಿಂದಿನ ಗೇಟು ಏನ್ ತಪ್ಪು ಮಾಡ್ತು?"

"ನಾನೇನು ಇಡೀ ದಿನ ತೆಗೀರಿ ಅನ್ನಲ್ಲ," ಎಂದಳು ಕೃಷ್ಣಮ್ಮ. "ಬೆಳಿಗ್ಗೆ ಐದೂವರೆಯಿಂದ ಏಳೂವರೆ, ಸಂಜೆ ನಾಲ್ಕೂವರೆಯಿಂದ ಆರು. ಬೀಗ ತೆಗೆದು ಹಾಕೋ ಜವಾಬ್ದಾರಿ ನಂದು. ಕೈ ಎತ್ಸಪ್ಪ. ತೆಗೀಬೇಡಿ ಅಂದ್ರೆ ಅದನ್ನೇ ಬರೀರಿ, ಇನ್ಮೇಲೆ ಕೇಳಲ್ಲ. ಈ ನಾಲ್ಕು ಮಾತು ಮಾತ್ರ ಬೇಡ."

ಜೀಷಾನ್ ಎಣಿಸಿದ. ಬೇಡ ಎಂದವರು ಇಬ್ಬರು. ಮೂವರು ಕೈ ಎತ್ತಲಿಲ್ಲ. ಬೇಕು ಎಂದವರು ಇಪ್ಪತ್ತೈದು.

"ಇಪ್ಪತ್ತಾರು," ಎಂದು ಅನಂತರಾಜು ತನ್ನ ಕೈಯನ್ನೂ ಎತ್ತಿದ. "ಬರ್ಕೊಳಪ್ಪ. ಇವತ್ತಿಂದ್ಲೇ."

ಸಂಜೆ ನಾಲ್ಕೂವರೆಗೆ ಬೀಗ ಜಪ್ಪಯ್ಯ ಅನ್ನಲಿಲ್ಲ. ವಾಚ್‌ಮನ್ ವೀರಬಸಪ್ಪ ಎಣ್ಣೆ ಬಿಟ್ಟು, ಕಲ್ಲಿನಲ್ಲಿ ಎರಡೇಟು ಹಾಕಿದ. ಗೇಟು ಕಿರ್ರೆಂದು ಹಿಂದಕ್ಕೆ ಸರಿಯಿತು. ಆಚೆ ಕಡೆ ಲಕ್ಕಣ್ಣ ತುಂಬಿದ ಕ್ಯಾನು ಹಿಡಿದು ನಿಂತಿದ್ದ. ಮೋನಿಕಾ ಫೋನು ಎತ್ತಿ ಫೋಟೋ ತೆಗೆದಳು. ಕೃಷ್ಣಮ್ಮ ಕ್ಯಾನು ತೆಗೆದುಕೊಂಡು ತಲೆಯೆತ್ತಿ ಒಳಗೆ ನಡೆದಳು. ಮೊದಲ ಬಾಗಿಲು ತೆಗೆದ ಸರಳಾ ಗೋಡೆಯ ಗಡಿಯಾರ ನೋಡಿ, "ಹಾಲು ಇನ್ನೂ ಬೆಚ್ಚಗಿದೆಯಲ್ಲಮ್ಮ," ಎಂದಳು.

ಹತ್ತೊಂಬತ್ತು ಮನೆ ಮುಗಿಸಿ ಕೊಟ್ಟಿಗೆಗೆ ಮರಳಿದಾಗ ಇನ್ನೂ ಬಿಸಿಲಿತ್ತು. ಲಕ್ಕಣ್ಣ ಹಿಂಡಿ ಕಲಸುತ್ತಿದ್ದ.

"ಬೈರಣ್ಣ ಫೋನ್ ಮಾಡಿದ್ದ," ಎಂದ.

"ಏನಂದ್ರಿ?"

"ಅವನ ಹತ್ರ ಚೊಚ್ಚಲ ಹಸು ಒಂದು ಮಾರೋಕೈತಂತೆ. ಬಂದ್ ನೋಡ್ತೀವಿ ಅಂದೆ."

ಕೃಷ್ಣಮ್ಮ ಗೋದಲಿಯ ಪಕ್ಕದ ಖಾಲಿ ಜಾಗವನ್ನು ಕಣ್ಣಲ್ಲೇ ಅಳೆದಳು. "ನಾಳೇನೇ ಓಗಾನ ನಡೀರಿ," ಎಂದಳು.