ಅಷ್ಟಮಿ ಇವತ್ತೋ ನಾಳೆಯೋ

ಹಬ್ಬ ಯಾವತ್ತು ಎಂದು ತಾನಾಗಿ ತಿಳಿದುಕೊಂಡ ಗಂಡಸಲ್ಲ ಸುಧೀಂದ್ರ. ಮೂವತ್ತನಾಲ್ಕು ವರ್ಷದಿಂದ ಹೆಂಡತಿ ತುಂಗಾ ‘ಇವತ್ತು ತಿಂಡಿ ಇಲ್ಲ’ ಎಂದರೆ ಏಕಾದಶಿ, ‘ಬೇಗ ಸ್ನಾನ ಮಾಡಿ’ ಎಂದರೆ ಹಬ್ಬ. ರಾಜಾಜಿನಗರದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮನುಷ್ಯ ತಿಥಿಯ ಲೆಕ್ಕವನ್ನು ಮಾತ್ರ ಅವಳಿಗೇ ಬಿಟ್ಟುಬಿಟ್ಟಿದ್ದ. ಅದಕ್ಕೇ ಕೃಷ್ಣಾಷ್ಟಮಿ ರಜೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎರಡು ಇಡ್ಲಿಯ ಮೇಲೆ ಈರುಳ್ಳಿ ಸಾಂಬಾರ್ ಸುರಿಸಿಕೊಂಡು ನಿಶ್ಚಿಂತೆಯಿಂದ ತಿಂದ. ಒಂದಿಷ್ಟು ಅಂಗಿಯ ಮೇಲೂ ಚೆಲ್ಲಿಕೊಂಡ. ಅಷ್ಟಮಿಗೆ ಉಪವಾಸ ಎಂದು ನೆನಪಿಸಬೇಕಾದವಳು ಎರಡನೇ ಮಹಡಿಯ ಐಸಿಯುನಲ್ಲಿ ಮಲಗಿದ್ದಳು.

ತುಂಗಾಳ ಲಿವರ್ ಕೈಕೊಟ್ಟು ಹನ್ನೊಂದು ದಿನವಾಗಿತ್ತು. ಅದು ಸೋಸದೆ ಬಿಟ್ಟ ವಿಷ ತಲೆಗೇರಿದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ ಎಂದು ಡಾಕ್ಟರ್ ಕವನಾ ಬಿಡಿಸಿ ಹೇಳಿದ್ದರು. ಹಿಂದಿನ ದಿನ ಅವಳು ಮೂಗಿನ ನಳಿಕೆಯನ್ನು ಕಿತ್ತುಹಾಕಲು ಹೋದದ್ದರಿಂದ ಎರಡೂ ಕೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಿದ್ದರು. ‘ರೀ, ಬಿಚ್ಚಿಸ್ರೀ’ ಎಂದು ಅವಳು ಬೇಡಿದ್ದು ಸುಧೀಂದ್ರನಿಗೆ ನಿದ್ದೆ ಹತ್ತಗೊಟ್ಟಿರಲಿಲ್ಲ. ದಿನಾ ಕೇಳುವ ಮೂರು ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಿದರೆ ಬಿಚ್ಚುತ್ತೇವೆ ಎಂದಿದ್ದರು ಡಾಕ್ಟರ್. ಜೀವಮಾನವಿಡೀ ಪ್ರಶ್ನೆ ಕೇಳಿದ ಮೇಷ್ಟ್ರು ಸುಧೀಂದ್ರ ಈಗ ಪರೀಕ್ಷೆಗೆ ಮಗನನ್ನು ಕಳಿಸಿದ ಅಪ್ಪನ ಹಾಗೆ ಮಂಚದ ಪಕ್ಕ ನಿಂತ.

ಹೆಸರು ಸರಿಯಾಗಿ ಹೇಳಿದಳು. ಎಲ್ಲಿದ್ದೀರಿ ಎಂದರೆ ವಿಜಯನಗರದ ಆಸ್ಪತ್ರೆ ಎಂದಳು, ಅದೂ ಸರಿ. ಇವತ್ತು ಯಾವ ಹಬ್ಬ ಎಂದಾಗ ಮಾತ್ರ ಗಂಡನನ್ನೇ ಬಹಳ ಹೊತ್ತು ನೋಡಿದಳು.

“ಇವತ್ತು ಏನೂ ಇಲ್ಲ. ಅಷ್ಟಮಿ ನಾಳೆ.”

ಕವನಾ ಏನೋ ಬರೆದುಕೊಂಡರು. ಸುಧೀಂದ್ರ ಬಿಡಲಿಲ್ಲ. ತಾವು ಮಾಧ್ವರು, ತಮ್ಮಲ್ಲಿ ಮಠದ ಪಂಚಾಂಗವೇ ಬೇರೆ, ಸರ್ಕಾರದ ರಜೆಗೂ ಅದಕ್ಕೂ ಒಂದೊಂದು ವರ್ಷ ಒಂದು ದಿನ ಹಿಂದುಮುಂದಾಗುತ್ತದೆ ಎಂದು ವಾದ ಹೂಡಿದ. ಹಾಗಾದರೆ ನಿಮ್ಮ ಮನೆಯಲ್ಲಿ ಯಾವತ್ತು ಎಂದು ಅವರು ಸಮಾಧಾನವಾಗಿಯೇ ಕೇಳಿದರು. ಅದನ್ನು ಇವಳನ್ನೇ ಕೇಳಬೇಕು ಎಂದ. ವಿಚಾರಿಸಿ ಸಂಜೆ ಹೇಳಿ ಎಂದು ಡಾಕ್ಟರ್ ಮುಂದಿನ ಮಂಚಕ್ಕೆ ಹೋದರು.

ಹೊರಗೆ ಬಂದು ಬಸವೇಶ್ವರನಗರದ ಪಕ್ಕದ ಮನೆಯ ರಾಗಿಣಿಗೆ ಫೋನ್ ಮಾಡಿದ. ಮನೆಯ ಬೀಗದ ಕೈ ಅವಳ ಹತ್ತಿರ ಇತ್ತು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಪಂಚಾಂಗ ತೂಗುಹಾಕಿದೆ, ನೋಡಿ ಹೇಳಮ್ಮ ಎಂದ. ಕಾಯುವಷ್ಟು ಹೊತ್ತು ಅವನ ಮನಸ್ಸು ಹಾರಾಡಿತು. ನಾಳೆ ಎಂದಾಗಿದ್ದರೆ ತುಂಗಾಳ ತಲೆ ನೆಟ್ಟಗಿದೆ, ಕೈ ಬಿಚ್ಚುತ್ತಾರೆ, ತಾನು ತಿಂದ ಇಡ್ಲಿಗೂ ದೋಷವಿಲ್ಲ.

“ಅಂಕಲ್, ಇವತ್ತೇ. ಉಪವಾಸ ಅಂತ ಆಂಟಿ ಪೆನ್ನಲ್ಲಿ ಗೆರೆ ಬೇರೆ ಎಳೆದಿದಾರೆ.”

ಸುಧೀಂದ್ರ ಫೋನ್ ಇಟ್ಟ. ತಾನೇ ಗೆರೆ ಎಳೆದ ದಿನವನ್ನು ಮರೆತಳೆಂದರೆ ವಿಷ ಏರಿಯೇ ಇದೆ. ನಾಳೆಯೇ ಅಂತೆ ಎಂದು ಒಂದು ಸುಳ್ಳು ಹೇಳಿದರೆ ಪಂಚಾಂಗ ನೋಡಲು ಯಾರು ಬರುತ್ತಾರೆ? ಕೈ ಬಿಚ್ಚುತ್ತಾರೆ. ಆದರೆ ಗುಣವಾಗಿದೆ ಎಂದುಕೊಂಡು ಔಷಧಿ ಕಡಿಮೆ ಮಾಡಿಬಿಟ್ಟರೆ? ದಿನವಿಡೀ ಇದೇ ಕೊರೆತ. ಮಧ್ಯಾಹ್ನ ಊಟ ಬಿಟ್ಟ. ಅದು ಉಪವಾಸವೋ ಊಟ ಸೇರದ್ದೋ ಅವನಿಗೇ ಗೊತ್ತಾಗಲಿಲ್ಲ. ಅಂಗಿಯ ಕಲೆಯನ್ನು ನಲ್ಲಿಯ ಕೆಳಗೆ ಉಜ್ಜಿದ, ಅದು ಇನ್ನಷ್ಟು ಅಗಲವಾಯಿತು.

ಸಂಜೆ ಪಾಳಿಗೆ ಬಂದ ನರ್ಸ್ ಹನುಮವ್ವ ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಇಲ್ಲದ ಹಸಿರು ನಿಲುವಂಗಿ, ಟೋಪಿ, ಮಾಸ್ಕ್ ಎಲ್ಲ ಹಾಕಿಸಿಯೇ ಒಳಗೆ ಬಿಟ್ಟಳು. ತುಂಗಾ ಕಣ್ಣು ತೆರೆದಿದ್ದಳು. ಅಷ್ಟಮಿ ನಾಳೆ ಅಂತ ಯಾಕೆ ಹೇಳಿದೆ ಎಂದು ಅವನು ಮೆಲ್ಲಗೆ ಕೇಳಿದ.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ಇವತ್ತೇ ಕಣ್ರೀ. ನಮ್ಮನೆಯೋರು ಇಡ್ಲಿ ತಿಂದ್ಬಿಟ್ಟಿದಾರೆ, ಅಂಗಿ ಮೇಲೆ ಸಾಂಬಾರ್ ನೋಡಿದೆ. ಇವತ್ತು ಅಂದ್ರೆ ಪಾಪ ನೊಂದ್ಕೋತಾರೆ. ನೀವು ಅವರಿಗೆ ಹೇಳ್ಬೇಡಿ.”

ಸುಧೀಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಥಿ ಸರಿ, ಇಡ್ಲಿ ಸರಿ, ಸಾಂಬಾರೂ ಸರಿ. ಎದುರಿಗಿದ್ದ ಗಂಡನೇ ತಪ್ಪಿಹೋಗಿದ್ದ. ಮಾಸ್ಕ್ ಇಳಿಸಿದರೆ ಗುರುತು ಹಿಡಿಯಬಹುದು. ಇಳಿಸಿದ ಮೇಲೂ ಹಿಡಿಯದಿದ್ದರೆ? ಕೈ ಕಿವಿಯವರೆಗೆ ಹೋಗಿ ಹಿಂದೆ ಬಂತು. ಭಯವಾಯಿತು ಅವನಿಗೆ.

“ಇಲ್ಲ, ಹೇಳಲ್ಲ” ಎಂದ.

ಅಷ್ಟರಲ್ಲಿ ಕವನಾ ಬಂದು, ಏನಾಯಿತು ಸಾರ್, ಹಬ್ಬ ಯಾವತ್ತಂತೆ ಎಂದು ಕೇಳಿದರು. ದಿನವಿಡೀ ತಿರುವಿಹಾಕಿದ ಸುಳ್ಳನ್ನು ಅವನು ಬಿಟ್ಟುಬಿಟ್ಟ.

“ಇವತ್ತೇ ಅಷ್ಟಮಿ. ಅದು ಇವಳಿಗೂ ಗೊತ್ತು. ಆದ್ರೆ ನಾನ್ಯಾರು ಅಂತ ಗೊತ್ತಿದೆಯೋ ಇಲ್ವೋ, ನನಗೆ ಅರ್ಥ ಆಗ್ತಾ ಇಲ್ಲ ಮೇಡಂ. ಔಷಧಿ ನಿಲ್ಲಿಸ್ಬೇಡಿ. ನಾನಿರೋ ಅಷ್ಟು ಹೊತ್ತು ಕೈ ಬಿಚ್ಚಿ, ನಾನು ಹಿಡ್ಕೊಂಡಿರ್ತೀನಿ.”

ಡಾಕ್ಟರ್ ಹನುಮವ್ವನ ಕಡೆ ತಲೆಯಾಡಿಸಿದರು. ಅರ್ಧ ಗಂಟೆ, ಒಂದೇ ಕೈ ಎಂದರು. ಪಟ್ಟಿ ಬಿಚ್ಚಿದ ಕೂಡಲೇ ಸುಧೀಂದ್ರ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಮಣಿಕಟ್ಟಿನಲ್ಲಿ ಪಟ್ಟಿಯ ಗುರುತು ಕೆಂಪಗೆ ಎದ್ದಿತ್ತು. ತುಂಗಾ ಕೈ ಬಿಡಿಸಿಕೊಂಡಳು. ಮೂಗಿನ ನಳಿಕೆಗೆ ಹೋದಾಳೆಂದು ಅವನು ಗಾಬರಿಯಾದ. ಅವಳು ನಳಿಕೆಯ ಗೊಡವೆಗೇ ಹೋಗಲಿಲ್ಲ. ಅವನ ಎದೆಯ ಮೇಲೆ, ನಿಲುವಂಗಿಯ ಅಡಿಯಲ್ಲಿ ಸಾಂಬಾರಿನ ಕಲೆ ಇದ್ದ ಜಾಗವನ್ನೇ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜತೊಡಗಿದಳು.