ರುಚಿ ನೋಡಿದ್ದೇ ಊಟ

ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಗೂ ಔಷಧದ ಉಗ್ರಾಣಕ್ಕೂ ನಡುವೆ ಅಡುಗೆಮನೆ ಇತ್ತು. ಅಲ್ಲಿನ ಮುಖ್ಯ ಅಡುಗೆಯವಳನ್ನು ಎಲ್ಲರೂ ಸೌಟಮ್ಮ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆಕೆ ಕೈಮುಗಿದು, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಈ ಅನ್ನ ಯಾರ ಬಾಯಿಗೆ ಹೋಗುತ್ತದೋ ಅವರ ಮೈಗೆ ಹಿಡಿಯಲಿ ಎನ್ನುವುದಷ್ಟೇ ಆಕೆಯ ಪ್ರಾರ್ಥನೆ. ಆ ಮಾತಿನಲ್ಲಿ ತಾನು ಸೇರಿಲ್ಲ ಎಂಬುದು ಆಕೆಗೆ ಹೊಳೆದಿರಲಿಲ್ಲ. ದೇವರೂ ಅದನ್ನು ಎತ್ತಿ ಆಡಿರಲಿಲ್ಲ.

ರೋಗಿಗಳ ಅಡುಗೆಯೆಂದರೆ ಒಂದು ಪಾತ್ರೆಯ ಅಡುಗೆಯಲ್ಲ. ಉಪ್ಪು ಕೂಡದವರದ್ದು ಒಂದು, ಸಿಹಿ ಕೂಡದವರದ್ದು ಇನ್ನೊಂದು, ಹಲ್ಲಿಲ್ಲದವರಿಗೆ ಅರೆದದ್ದು ಮತ್ತೊಂದು. ಸೌಟಮ್ಮ ಪ್ರತಿ ಪಾತ್ರೆಯಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ ನೋಡುವಳು. ಬೇಳೆ ಬೆಂದಿತೇ, ಸೊಪ್ಪು ಕಹಿಯಾಯಿತೇ, ಗಂಜಿ ಹಸಿ ವಾಸನೆ ಬಿಟ್ಟಿತೇ ಎಂದು ನೋಡುತ್ತ ನೋಡುತ್ತ ಮಧ್ಯಾಹ್ನದ ಹೊತ್ತಿಗೆ ಹಸಿವು ಸತ್ತುಹೋಗುತ್ತಿತ್ತು. ಒಲೆಯ ಬಿಸಿ, ಆವಿಯ ವಾಸನೆ ಉಳಿದದ್ದನ್ನು ಕೊಲ್ಲುತ್ತಿದ್ದವು.

"ಬನ್ನಿ ಸೌಟಮ್ಮ, ತಟ್ಟೆ ಹಾಕ್ಕೊಳ್ಳಿ" ಎಂದು ತರಕಾರಿ ಹೆಚ್ಚುವವನು ದಿನವೂ ಕರೆಯುವನು.

"ಆಗಲೇ ಆಯ್ತಲ್ಲಪ್ಪ. ರುಚಿ ನೋಡಿದ್ದೇ ಊಟ."

"ಹಂಗಾದ್ರೆ ಸಂಬಳಾನೂ ಮೂಸಿ ನೋಡಿ ವಾಪಸ್ ಕೊಟ್ಟುಬಿಡಿ!"

ಎಲ್ಲರೂ ನಗುವರು. ಆಕೆಯೂ ನಗುವಳು. ಸಂಜೆ ಮನೆಗೆ ಹೋಗಿ ಒಂದು ಲೋಟ ಚಹಾ, ಎರಡು ತುಂಡು ಬ್ರೆಡ್ಡು. ಇಡೀ ದಿನ ಅನ್ನದ ನಡುವೆಯೇ ಇದ್ದವಳಿಗೆ ತಾನು ಉಣ್ಣಲಿಲ್ಲ ಎಂಬ ಅನುಮಾನವೇ ಬರುವಂತಿರಲಿಲ್ಲ. ಹೊಳೆಯ ದಡದಲ್ಲಿ ಬಟ್ಟೆ ಒಗೆಯುವವನು ಬಾಯಾರಿಕೆ ಮರೆತ ಹಾಗೆ.

ಮನೆಯಲ್ಲಿದ್ದದ್ದು ತಂಗಿಯೊಬ್ಬಳೇ. ಅವಳು ದರ್ಜಿ. ಬೀದಿಯ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಬಟ್ಟೆ ಹೊಲಿಯುತ್ತಿದ್ದಳು. ಅಕ್ಕನ ಉಡುಪೂ ಅವಳದೇ ಕೈಯದು. ವರ್ಷಕ್ಕೊಮ್ಮೆ ಅಕ್ಕ ಬಂದು "ಇದು ಜೋತಾಡ್ತಿದೆ ಕಣೇ, ಸ್ವಲ್ಪ ಹಿಡಿದುಕೊಡು" ಎಂದು ನಿಲ್ಲುವಳು. ತಂಗಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪಕ್ಕದ ಹೊಲಿಗೆಯನ್ನು ಒಳಕ್ಕೆ ಸರಿಸುವಳು. ಒಗೆದು ಒಗೆದು ಬಟ್ಟೆ ಹಿಗ್ಗುತ್ತದೆ ಎಂದು ಅವಳ ಎಣಿಕೆ. ದರ್ಜಿಯ ಕಣ್ಣು ಮೊದಲು ಬಟ್ಟೆಯ ತಪ್ಪನ್ನೇ ಹುಡುಕುತ್ತದೆ, ಒಳಗಿನ ಮೈಯ ಕಡೆಗೆ ಹೋಗುವುದಿಲ್ಲ.

ಆ ವರ್ಷ ಚಳಿ ಇಳಿಯುವ ಕಾಲಕ್ಕೆ ಊರಿಗೆ ಒಂದು ವೈರಸ್ ಜ್ವರ ಬಂತು. ಗಂಟಲು ಕೆರೆತ, ಮೈಕೈ ನೋವು, ಆಮೇಲೆ ಮೂಗಿಗೆ ವಾಸನೆಯೇ ಇಲ್ಲ, ನಾಲಿಗೆಗೆ ರುಚಿಯೇ ಇಲ್ಲ. ತಂಗಿ ಮೊದಲು ಮಲಗಿದಳು, ಕೆಮ್ಮಿದಳು, ಗೊಣಗಿದಳು, ಎದ್ದಳು. ಅಕ್ಕ ಮಲಗಿದವಳು ಏಳಲಿಲ್ಲ. ಜ್ವರ ಎದೆಗೆ ಇಳಿಯಿತು. ತಾನು ಅನ್ನ ಕಳಿಸುತ್ತಿದ್ದ ಹೆಂಗಸರ ವಾರ್ಡಿನಲ್ಲೇ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಆಕೆಯನ್ನು ಮಲಗಿಸಿದರು. ಮೂಗಿಗೆ ಆಮ್ಲಜನಕದ ಕೊಳವೆ ಬಂತು.

ತಾನೇ ಕಲಿಸಿದ ಕೈಗಳು ಮಾಡಿದ ಊಟ ಆಕೆಗೆ ಬರುತ್ತಿತ್ತು. ತುತ್ತು ಬಾಯಿಗಿಟ್ಟು, ಮುಖ ತಿರುಗಿಸಿ, ತಟ್ಟೆಯನ್ನು ವಾಪಸು ಕಳಿಸುವಳು.

"ಮಣ್ಣು. ಶುದ್ಧ ಮಣ್ಣು. ರುಚಿ ಇಲ್ಲದ್ದನ್ನ ಊಟ ಅಂತಾರೇನೇ?"

ಊಟ ಕೆಳಗಿಳಿಯದಿದ್ದರೂ ಔಷಧಗಳಿಗೇನೂ ಬರವಿರಲಿಲ್ಲ. ಬಟ್ಟೆ ಒಗೆಯುವವಳು ಹಸಿ ಬೆಳ್ಳುಳ್ಳಿ ತಂದಳು. ಪಕ್ಕದ ಮನೆಯಾಕೆ ನಿಂಬೆಹಣ್ಣಿನ ಚೀಲ ತಂದಿಟ್ಟು, "ಇದೊಂದು ಸಾಕು, ವೈರಸ್ಸಿನ ಅಪ್ಪನೂ ಓಡ್ತಾನೆ" ಅಂದಳು. ಯಾರೋ ವಿಟಮಿನ್ ಮಾತ್ರೆಗಳ ದೊಡ್ಡ ಡಬ್ಬಿ ಕೊಟ್ಟರು. ತಂಗಿ ಅವನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ಯಾವುದನ್ನು ಮೊದಲು ಕೊಡಲಿ ಎಂದು ಡಾಕ್ಟರನ್ನು ಕೇಳಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಹೆಚ್ಚು ನಗುವವಳಲ್ಲ. ಹೊದಿಕೆ ಸರಿಸಿ ಅಕ್ಕನ ತೋಳನ್ನು ತನ್ನ ಎರಡು ಬೆರಳಲ್ಲಿ ಸುತ್ತಿ ನೋಡಿದಳು. ಬೆರಳುಗಳು ಸುಲಭವಾಗಿ ಕೂಡಿದವು.

"ಇವರು ತಟ್ಟೆ ಇಟ್ಕೊಂಡು ಕೂತು ಊಟ ಮಾಡಿದ್ದನ್ನ ನೀವು ಯಾವಾಗ ನೋಡಿದ್ದು?"

ತಂಗಿ ಯೋಚಿಸಿದಳು. ಅವಳ ನೆನಪಿಗೆ ಬಂದದ್ದು ತಟ್ಟೆಯಲ್ಲ, ಅಕ್ಕನ ಉಡುಪಿನ ಒಳಮಗ್ಗುಲು. ಒಂದರ ಪಕ್ಕ ಒಂದು, ಒಳಗೆ ಒಳಗೆ ಸರಿದ ಹೊಲಿಗೆಯ ಗೆರೆಗಳು. ಪ್ರತಿ ಗೆರೆಯನ್ನೂ ಹಾಕಿದ್ದು ಅವಳೇ.

"ನಂಗೂ ಅದೇ ಜ್ವರ ತಾನೇ ಡಾಕ್ಟ್ರೇ? ನಾನು ಎದ್ದು ಓಡಾಡ್ತಿದೀನಿ."

"ನಿಮ್ಮ ವಯಸ್ಸು ಕಡಿಮೆ. ಅದೃಷ್ಟಾನೂ ಇತ್ತು. ಆಚೆ ವಾರ್ಡಿನಲ್ಲಿ ಚೆನ್ನಾಗಿ ಉಂಡು ಬೆಳೆದ ಪೈಲ್ವಾನರೂ ಮಲಗಿದ್ದಾರೆ. ಊಟ ಅನ್ನೋದು ಕೋಟೆ ಅಲ್ಲಮ್ಮ, ಕಣಜ. ವೈರಸ್ ಒಳಗೆ ಬರೋದನ್ನ ಅದು ತಡೆಯಲ್ಲ. ಬಂದಮೇಲೆ ಮೈ ಕಾದಾಡಬೇಕಲ್ಲ, ಆಗ ಕಣಜ ತೆಗೀಬೇಕು. ಹೊಸ ಬಿಳಿ ರಕ್ತಕಣ ಹುಟ್ಟಬೇಕು, ವೈರಸ್ಸನ್ನ ಹಿಡಿಯೋ ಪ್ರೋಟೀನು ತಯಾರಾಗಬೇಕು. ಬೇಳೆ, ಮೊಟ್ಟೆ, ಹಾಲು, ಕಾಳು, ಅವೇ ಅದಕ್ಕೆ ಸಾಮಾನು. ಸೊಪ್ಪು, ಹಣ್ಣು, ಹಳದಿ ತರಕಾರಿ ಇಲ್ಲದಿದ್ರೆ ಗಂಟಲು, ಶ್ವಾಸಕೋಶದ ಒಳಪದರ ಬೇಗ ರಿಪೇರಿ ಆಗಲ್ಲ. ಇವರ ಕಣಜ ತುಂಬಾ ದಿನದಿಂದ ಖಾಲಿ."

"ಈ ಬೆಳ್ಳುಳ್ಳಿ, ಮಾತ್ರೆ?"

"ಬೆಳ್ಳುಳ್ಳಿ ಊಟದ ಜೊತೆಗೆ ಇರಲಿ, ಊಟದ ಬದಲಿಗೆ ಬೇಡ. ಮಾತ್ರೆ ಬೇಕಾದ್ರೆ ರಕ್ತ ನೋಡಿ ನಾನೇ ಬರೀತೀನಿ. ಒಂದೇ ಹಣ್ಣು, ಒಂದೇ ಮಾತ್ರೆ ಯುದ್ಧ ಗೆಲ್ಲಿಸಲ್ಲ." ಡಾಕ್ಟರು ದನಿ ತಗ್ಗಿಸಿದಳು. "ಜ್ವರಕ್ಕೆ ಖರ್ಚು ಜಾಸ್ತಿ. ಹೊರಗಿಂದ ಏನೂ ಬರದಿದ್ರೆ ಮೈ ತನ್ನ ಮಾಂಸಾನೇ ಕರಗಿಸಿ ಕೊಡುತ್ತೆ. ಉಸಿರು ಎಳೆಯೋದೂ ಮಾಂಸಖಂಡಾನೇ ಅಲ್ವಾ? ಇವರು ಇನ್ನೂ ಸೋತ್ರೆ ಉಸಿರಿಗೆ ಯಂತ್ರ ಹಾಕಬೇಕಾಗುತ್ತೆ. ಅಲ್ಲಿಂದ ವಾಪಸ್ ಬರೋದು ಕಷ್ಟ. ಹೇಗಾದ್ರೂ ತಿನ್ನಿಸಿ. ಸ್ವಲ್ಪ ಸ್ವಲ್ಪ, ಆಗಾಗ. ತಿನ್ನೋಕೆ ಆಗೋದೇ ಇಲ್ಲ ಅಂದ್ರೆ ಮೂಗಿಂದ ಹೊಟ್ಟೆಗೆ ಕೊಳವೆ ಹಾಕ್ತೀನಿ."

ತಂಗಿ ಮನೆಗೆ ಹೋಗಿ ಒಲೆ ಹಚ್ಚಿದಳು. ಅಡುಗೆ ಅವಳಿಗೆ ಒಲಿದ ವಿದ್ಯೆಯಲ್ಲ. ಬೇಳೆಯನ್ನು ಕುಂಬಳಕಾಯಿಯ ಜೊತೆ ಬೇಯಿಸಿ, ಮೊಟ್ಟೆ ಒಡೆದು ಕಲಸಿ, ಮೇಲೆ ಬೆಣ್ಣೆ ಹಾಕಿದಳು. ನೋಡಲು ಗೋಡೆಗೆ ಮೆತ್ತುವ ಗಾರೆಯ ಹಾಗಿತ್ತು.

"ಏನೇ ಇದು?"

"ಊಟ."

"ಇದನ್ನ ನೋಡಿದ್ರೆ ರುಚಿ ಹೋಗಿದ್ದೇ ಒಳ್ಳೇದಾಯ್ತು ಅನ್ನಿಸುತ್ತೆ."

"ನಿನ್ನ ಜನ್ಮದಲ್ಲಿ ನನ್ನ ಅಡುಗೆಗೆ ತಪ್ಪು ಹೇಳದೆ ತಿನ್ನೋಕೆ ಇದೊಂದೇ ಕಾಲ ಅಕ್ಕ. ಬಾಯಿ ತೆಗಿ."

ಅಕ್ಕ ಬಾಯಿ ತೆಗೆಯಲಿಲ್ಲ. ಕಣ್ಣು ಮುಚ್ಚಿದಳು. "ನನ್ನ ಕೈಲಾಗಲ್ಲ ಬಿಡೇ. ನಾಲಿಗೆ ಬೇಡ ಅಂದದ್ದನ್ನ ಗಂಟಲಲ್ಲಿ ತುರುಕೋದು ಪಾಪ. ಅನ್ನಕ್ಕೆ ಮಾಡೋ ಅವಮಾನ."

ತಂಗಿ ಬಟ್ಟಲು ಹಿಡಿದುಕೊಂಡೇ ಸಣ್ಣ ದನಿಯಲ್ಲಿ ಕೇಳಿದಳು.

"ದಿನಾ ಒಲೆ ಮುಂದೆ ನಿಂತು ಬೇಡ್ಕೋತೀಯಲ್ಲ ಅಕ್ಕ, ದಿನಾ ನಿಂಗೆ ಭಕ್ತಿ ಉಕ್ಕಿ ಬರುತ್ತಾ?"

"ಎಲ್ಲಿ ಬರುತ್ತೆ. ಎಷ್ಟೋ ದಿನ ಮನಸ್ಸು ಒಣಗಿಕೊಂಡಿರುತ್ತೆ. ಬೇಳೆ ನೆನೆಸಿದ್ನೋ ಇಲ್ಲವೋ ಅಂತ ಯೋಚನೆ."

"ಆ ದಿನ ಕೈ ಮುಗಿಯೋದು ಬಿಡ್ತೀಯಾ?"

"ಛೆ, ಅದು ಹೇಗೆ ಬಿಡೋದು? ಒಣಗಿದ ದಿನಾನೇ ಅಲ್ವೇನೇ ನಿಲ್ಲಬೇಕಾದ್ದು? ರುಚಿ ಬಂದಾಗ ಯಾರು ಬೇಕಾದ್ರೂ..."

ಮಾತು ಅಲ್ಲಿಗೆ ನಿಂತಿತು. ತಂಗಿ ಚಮಚ ಮುಂದೆ ಹಿಡಿದಳು.

ಸೌಟಮ್ಮ ಚಮಚವನ್ನು ನೋಡಿದಳು. ಆಮ್ಲಜನಕದ ಕೊಳವೆಯ ಪಕ್ಕದಲ್ಲಿ ಎರಡು ಕೈ ಜೋಡಿಸಿದಳು. ಬಾಯಿ ತೆರೆದಳು. ಅಗಿದಳು. ಅದರಲ್ಲಿ ಉಪ್ಪೂ ತಿಳಿಯಲಿಲ್ಲ, ಬಿಸಿಯೆಂಬುದೊಂದನ್ನು ಬಿಟ್ಟರೆ ಏನೂ ತಿಳಿಯಲಿಲ್ಲ. ನುಂಗಿದಳು. ಮತ್ತೊಂದಕ್ಕೆ ಬಾಯಿ ತೆರೆದಳು.

ಆ ದಿನದಿಂದ ಆಕೆ ತಟ್ಟೆಯನ್ನು ವಾಪಸು ಕಳಿಸಲಿಲ್ಲ. ತಿಂದದ್ದರಿಂದ ಮರುದಿನವೇ ಪವಾಡವೇನೂ ಆಗಲಿಲ್ಲ. ಜ್ವರ ಬಂತು, ಹೋಯಿತು, ಮತ್ತೆ ಬಂತು. ಒಮ್ಮೆ ತಿಂದದ್ದೆಲ್ಲ ವಾಂತಿಯಾಯಿತು. ಬಾಯಿ ತೊಳೆದುಕೊಂಡು, "ಇನ್ನೊಂದು ಸಲ ತಾ" ಎಂದಳು. ಹಾಲು, ಕಿತ್ತಳೆ ತೊಳೆ, ನೆನೆಸಿದ ಕಾಳಿನ ಗಂಜಿ, ತಂಗಿಯ ಗಾರೆ, ಯಾವುದಕ್ಕೂ ರುಚಿಯಿರಲಿಲ್ಲ, ಎಲ್ಲಕ್ಕೂ ಕೈ ಜೋಡಿಸಿದಳು. ಡಾಕ್ಟರು ಔಷಧ ಕೊಡುತ್ತಿದ್ದಳು, ಎದೆಗೆ ಕಿವಿಗೊಡುತ್ತಿದ್ದಳು. ಯಂತ್ರದ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಆಮ್ಲಜನಕವನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಂದಳು.

ಒಂದು ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿದ್ದಾಗ ಸೌಟಮ್ಮ ಹೊಟ್ಟೆ ಹಿಡಿದುಕೊಂಡು ಎದ್ದು ಕೂತಳು. ಮುಖ ಬಿಳಿಚಿಕೊಂಡಿತ್ತು.

"ಡಾಕ್ಟರನ್ನ ಕರಿಯೇ. ಒಳಗೇನೋ ಹಿಂಡ್ತಾ ಇದೆ. ಗುಡುಗುಡು ಅಂತಿದೆ. ಕೈಕಾಲು ನಡುಗ್ತಿದೆ. ಇದು ಹೊಸ ರೋಗ."

ತಂಗಿ ವರಾಂಡದಲ್ಲಿ ಓಡಿದಳು. ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದಳು, ನಾಡಿ ಹಿಡಿದಳು, ನಾಲಿಗೆ ಚಾಚಿಸಿದಳು.

"ಒತ್ತಿದ್ರೆ ನೋವಾ?"

"ನೋವಲ್ಲ. ಖಾಲಿ. ಯಾರೋ ಒಳಗಿಂದ ಎಳೆದ ಹಾಗೆ."

ಡಾಕ್ಟರು ಆಕೆಯ ಮುಖವನ್ನೇ ನೋಡಿದಳು. ಮೊದಲ ಸಲ ನಕ್ಕಳು.

"ಅಮ್ಮ, ಇದು ಹಸಿವು."

ಸೌಟಮ್ಮ ನಂಬಲಿಲ್ಲ. ತಂಗಿಯ ಕಡೆ ತಿರುಗಿದಳು. "ನಿಂಗೆಲ್ಲ ಹಿಂಗೇ ಆಗುತ್ತಾ?"

"ದಿನಾ ಆಗುತ್ತೆ ಅಕ್ಕ. ಮೂರು ಹೊತ್ತೂ."

"ಅಯ್ಯೋ ದೇವರೇ. ಇದನ್ನ ಇಟ್ಕೊಂಡು ಜನ ಹೇಗೆ ಸುಮ್ಮನಿರ್ತಾರೇ?"

ತಂಗಿ ತಂದಿದ್ದ ಊಟದ ಡಬ್ಬಿಯಲ್ಲಿದ್ದ ಗಂಜಿ ಆಕೆಯ ಕೈಗೆ ಬಂತು. ಚಮಚಕ್ಕೆ ಕಾಯದೆ ಡಬ್ಬಿಯನ್ನೇ ಎತ್ತಿ ಕುಡಿದಳು. ತಳದಲ್ಲಿ ಅಂಟಿದ್ದನ್ನು ಬೆರಳಲ್ಲಿ ಬಳಿದಳು. ಬಳಿದು ಡಬ್ಬಿಯನ್ನು ತಂಗಿಯ ಕಡೆ ಚಾಚಿದಳು.

"ಇನ್ನೂ ಇದೆಯೇನೇ?"

ಇರಲಿಲ್ಲ. ತಂಗಿ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು, ಆಸ್ಪತ್ರೆಯ ಹಿಂಬದಿಗೆ, ಬೆಳಗಿನ ಅಡುಗೆ ಕುದಿಯುತ್ತಿದ್ದ ಕಡೆಗೆ ಬೇಗ ಬೇಗ ನಡೆದಳು.